ಅಳೆದದ್ದು ಯಾವುದು, ಊಹಿಸಿದ್ದು ಯಾವುದು, ವಾಚ್ ಹೇಳಲಿ

ಇವತ್ತು ಬೆಳಿಗ್ಗೆ ಮರೀನ್ ಡ್ರೈವ್‌ನಲ್ಲಿ ನಮ್ಮ ಗುಂಪಿನ ಹುಡುಗಿಯೊಬ್ಬಳು 16 ಕಿ.ಮೀ. ಸೊಗಸಾಗಿ ಓಡಿ ಮುಗಿಸಿದಳು. ಆಮೇಲೆ ಕೈಯಲ್ಲಿದ್ದ ಹೊಸ ವಾಚ್ ನೋಡಿ ಮುಖ ಸಪ್ಪಗೆ ಮಾಡಿಕೊಂಡಳು. ವಿಒ2 ಮ್ಯಾಕ್ಸ್ (ಜೋರಾಗಿ ಓಡುವಾಗ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಇಳಿದಿದೆ, ತರಬೇತಿ ಫಲ ಕೊಡುತ್ತಿಲ್ಲ ಅಂತ ಪರದೆ ಮೇಲೆ ಬಂದಿತ್ತು. "ಅಣ್ಣಾ, ನಾಳೆಯಿಂದ ಇನ್ನೂ ಜೋರಾಗಿ ಓಡಬೇಕಾ?" ಅಂದಳು. ಬೇಡಮ್ಮ, ಖಂಡಿತ ಬೇಡ, ನಾಳೆ ವಿಶ್ರಾಂತಿ ತಗೋ ಅಂದೆ. ಆದರೆ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಒ2 ಮ್ಯಾಕ್ಸ್ ಅನ್ನು ನಿಜವಾಗಿ ಅಳೆಯಬೇಕಾದರೆ ಮುಖಕ್ಕೆ ಮಾಸ್ಕ್ ಕಟ್ಟಿ, ಟ್ರೆಡ್‌ಮಿಲ್ ಮೇಲೆ ಓಡಿಸಿ, ಉಸಿರಿನ ಆಮ್ಲಜನಕ ಲೆಕ್ಕ ಹಾಕಬೇಕು. ವಾಚ್ ಮಾಡುವುದು ಇಷ್ಟೇ: ಈ ವೇಗಕ್ಕೆ ಈ ಎದೆಬಡಿತ, ಹಾಗಾದರೆ ಸಾಮರ್ಥ್ಯ ಇಷ್ಟಿರಬಹುದು ಅನ್ನುವ ಅಂದಾಜು. ಆ ಅಂದಾಜಿನ ಬುಡದಲ್ಲಿ ಗರಿಷ್ಠ ಎದೆಬಡಿತ ಅನ್ನುವ ಇನ್ನೊಂದು ಅಂದಾಜು. ನೀವು ಬದಲಿಸದಿದ್ದರೆ ಬಹಳಷ್ಟು ವಾಚ್‌ಗಳು ಅದನ್ನು 220ರಿಂದ ವಯಸ್ಸು ಕಳೆದು ಹಾಕಿಕೊಳ್ಳುತ್ತವೆ. ಈ ಸೂತ್ರ ಒಬ್ಬೊಬ್ಬರಲ್ಲಿ 10-15 ಬಡಿತ ಆಚೀಚೆ ಆಗುವುದು ಮಾಮೂಲು. ಇದರ ಮೇಲೆ ನಮ್ಮ ಮುಂಬೈ ಅಕ್ಟೋಬರ್. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಡಿಸೆಂಬರ್‌ನಲ್ಲಿ 148 ಇದ್ದದ್ದು ಈಗ 160 ಆದರೆ ಅದು ಹವೆಯ ಕೆಲಸ, ಫಿಟ್‌ನೆಸ್ ಕರಗಿದ್ದಲ್ಲ. ಕೆಲವು ವಾಚ್‌ಗಳು ಸೆಖೆಗೆ ತಿದ್ದುಪಡಿ ಮಾಡುತ್ತವೆ, ನಿಜ. ಆ ಹವಾಮಾನದ ಮಾಹಿತಿ ಬರುವುದು ಫೋನಿನಿಂದ, ಏಕೆಂದರೆ ವಾಚಿನೊಳಗಿನ ತಾಪಮಾಪಕಕ್ಕೆ ಮಣಿಕಟ್ಟಿನ ಬಿಸಿಯೇ ತಾಗುತ್ತಿರುತ್ತದೆ. ಫೋನ್ ಮನೆಯಲ್ಲಿಟ್ಟು ಓಡಿದರೆ ತಿದ್ದುಪಡಿ ಆಯಿತೋ ಇಲ್ಲವೋ ಪರದೆ ಹೇಳುವುದಿಲ್ಲ. ಅಂಕಿ ಮಾತ್ರ ಅದೇ ಗತ್ತಿನಲ್ಲಿ ಕೂತಿರುತ್ತದೆ.

ನನ್ನ ತಕರಾರು ಇದೊಂದೇ: ಊಹಿಸಿದ್ದನ್ನು ಅಳೆದದ್ದರಂತೆ ತೋರಿಸುವುದು. ಹಾರ್ಡ್‌ವೇರ್ ಬಗ್ಗೆ ನನಗೆ ಮೆಚ್ಚುಗೆಯೇ ಇದೆ. ಹೊಸ ವಾಚ್‌ಗಳ ಡ್ಯುಯಲ್ ಫ್ರೀಕ್ವೆನ್ಸಿ ಜಿಪಿಎಸ್ ದೊಡ್ಡ ಹೆಜ್ಜೆ. ಉಪಗ್ರಹಗಳು ಕಳಿಸುವ ಹಳೆಯ ಎಲ್1 ಸಂಕೇತದ ಜೊತೆಗೆ 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತವನ್ನೂ ಹಿಡಿಯುತ್ತವೆ. ಎಲ್1 ಸಂಕೇತದ ಒಂದೊಂದು ತುಣುಕಿನ ಉದ್ದ ಸುಮಾರು 293 ಮೀಟರ್, ಎಲ್5ನದು ಸುಮಾರು 29 ಮೀಟರ್. ತುಣುಕು ಚಿಕ್ಕದಾದಷ್ಟೂ ನೇರವಾಗಿ ಬಂದ ಸಂಕೇತ ಯಾವುದು, ಕಟ್ಟಡಕ್ಕೆ ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭ. ಲೋವರ್ ಪರೇಲ್‌ನ ಗಾಜಿನ ಟವರ್‌ಗಳ ನಡುವೆ ಓಡುವವರಿಗೆ ಈ ವ್ಯತ್ಯಾಸ ಮ್ಯಾಪಿನಲ್ಲೇ ಕಾಣುತ್ತದೆ. ಆದರೆ ಫ್ಲೈಓವರ್ ಕೆಳಗೆ ಹೊಕ್ಕಾಗ? ಆಕಾಶವೇ ಕಾಣದಿದ್ದರೆ ಎಲ್5 ಇದ್ದೂ ಪ್ರಯೋಜನ ಕಡಿಮೆ. ಆಗ ಸಾಫ್ಟ್‌ವೇರ್ ಕೈ ಬೀಸಿನ ಲೆಕ್ಕ, ಹಿಂದಿನ ವೇಗ ಎಲ್ಲ ಸೇರಿಸಿ ಒಂದು ನಯವಾದ ಗೆರೆ ಎಳೆಯುತ್ತದೆ. ಎಳೆಯಲಿ, ತಪ್ಪಿಲ್ಲ. ಈ 400 ಮೀಟರ್ ನಾನು ಊಹಿಸಿದ್ದು ಎಂದು ಬೇರೆ ಬಣ್ಣದಲ್ಲಿ ತೋರಿಸಲು ಏನು ಕಷ್ಟ? ಪ್ರತಿ ಉಪಗ್ರಹದ ಸಂಕೇತ ಎಷ್ಟು ಗಟ್ಟಿ ಎಂಬುದು ಚಿಪ್‌ಗೆ ಕ್ಷಣಕ್ಷಣಕ್ಕೂ ಗೊತ್ತಿರುತ್ತದೆ. ವಾಚ್ ಓಟದ ದಾಖಲೆ ಉಳಿಸುವ ಫಿಟ್ (FIT) ಫೈಲಿನ ನಮೂನೆಯಲ್ಲೇ ಜಿಪಿಎಸ್ ನಿಖರತೆ ಬರೆಯಲು ಒಂದು ಜಾಗವಿದೆ. ಬಹುತೇಕ ವಾಚ್‌ಗಳು ಇದನ್ನು ಓಟಗಾರನ ಕಣ್ಣಿಗೆ ಬೀಳುವಂತೆ ಇಡುವುದೇ ಇಲ್ಲ.

ಎತ್ತರದ ಲೆಕ್ಕವೂ ಇದೇ ಜಾತಿಯದು. ಬ್ಯಾರೋಮೀಟರ್ ಗಾಳಿಯ ಒತ್ತಡ ಅಳೆಯುತ್ತದೆ, ಎತ್ತರವನ್ನಲ್ಲ. ಸಮುದ್ರಮಟ್ಟದಲ್ಲಿ ಒತ್ತಡ 1 ಹೆಕ್ಟೊಪಾಸ್ಕಲ್ ಬದಲಾದರೆ ವಾಚ್‌ಗೆ ಅದು ಸುಮಾರು 8 ಮೀಟರ್ ಎತ್ತರ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಬಾರಿ ಏರಿಳಿಯುತ್ತದೆ. ಬೆಳಗಿನ 4ರ ಸುಮಾರಿಗೆ ತಗ್ಗಿರುತ್ತದೆ, 10ರ ಹೊತ್ತಿಗೆ ಏರಿರುತ್ತದೆ. ನಾವು ಓಡುವುದು ಸರಿಯಾಗಿ ಆ ಏರಿಕೆಯ ಹೊತ್ತಿನಲ್ಲಿ. ಹಾಗಾಗಿ ಚಪ್ಪಟೆ ಮರೀನ್ ಡ್ರೈವ್‌ನಲ್ಲಿ ಹೋಗಿ ಬಂದರೂ ಓಟ ಮುಗಿಯುವಾಗ ಹತ್ತು-ಹದಿನೈದು ಮೀಟರ್ ಕೆಳಗಿಳಿದಂತೆ ತೋರಿಸಬಹುದು. ಮಳೆಗಾಲದಲ್ಲಿ ಒತ್ತಡದ ರಂಧ್ರಕ್ಕೆ ನೀರು, ಬೆವರಿನ ಉಪ್ಪು ಕಟ್ಟಿಕೊಂಡರೆ ಇನ್ನೂ ವಿಚಿತ್ರ ಏರಿಳಿತ ಬರುತ್ತದೆ. ಓಡಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಪಿನ್ ಹಾಕಿ ಚುಚ್ಚಬೇಡಿ, ಒಳಗಿನ ಪೊರೆ ಹರಿದರೆ ಸೆನ್ಸರ್ ಹೋದಂತೆಯೇ.

ಮಣಿಕಟ್ಟಿನ ಎದೆಬಡಿತಕ್ಕೆ ಬರೋಣ. ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು ರಕ್ತದ ಮಿಡಿತ ನೋಡುತ್ತದೆ. ವಾಚ್ ಸಡಿಲವಾಗಿದ್ದರೆ ಅದು ಹೆಜ್ಜೆಯ ಲಯವನ್ನೇ ಮಿಡಿತ ಅಂದುಕೊಳ್ಳುತ್ತದೆ. ನಿಧಾನ ಓಟದಲ್ಲಿ ಎದೆಬಡಿತ ಏಕಾಏಕಿ 170ಕ್ಕೆ ಹಾರಿ ಅಲ್ಲೇ ನಿಂತರೆ, ಮೊದಲು ನಿಮಿಷದ ಹೆಜ್ಜೆಗಳ ಸಂಖ್ಯೆ ನೋಡಿ. ಎರಡೂ ಒಂದೇ ಆಗಿದ್ದರೆ ಕಾರಣ ಸಿಕ್ಕಿತು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಇಂಟರ್ವಲ್ ಓಟಕ್ಕೆ (ಜೋರು, ನಿಧಾನ ಬದಲಿಸುತ್ತಾ ಓಡುವುದು) ಎದೆಗೆ ಕಟ್ಟಿ ಬಡಿತ ಅಳೆಯುವ ಎದೆಪಟ್ಟಿಯೇ ಬೇಕು, ಅದರ ಎಲೆಕ್ಟ್ರೋಡ್‌ಗಳನ್ನು ಮೊದಲು ಒದ್ದೆ ಮಾಡಿಕೊಳ್ಳಿ. ಇಲ್ಲದಿದ್ದರೆ ಆ ಸುಳ್ಳು 170 ವಿಒ2 ಮ್ಯಾಕ್ಸ್‌ಗೂ ಹೋಗುತ್ತದೆ, ಚೇತರಿಕೆಗೆ ಇಷ್ಟು ಗಂಟೆ ಬೇಕು ಅನ್ನುವ ಲೆಕ್ಕಕ್ಕೂ ಹೋಗುತ್ತದೆ. ಒಂದು ಊಹೆ ನಾಲ್ಕು ಅಂಕಿಗಳಾಗಿ ಹೊರಬರುತ್ತದೆ, ನಾಲ್ಕಕ್ಕೂ ಊಹೆ ಅನ್ನುವ ಗುರುತಿಲ್ಲ.

ಸಾಮಾನ್ಯ ಓಟಗಾರರಿಗೆ ಇಷ್ಟು ವಿವರ ಕೊಟ್ಟರೆ ಗೊಂದಲ, ಒಂದು ಅಂಕಿ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕಿಯ ಸುತ್ತ ಒಂದು ವೃತ್ತ ಇರುತ್ತದಲ್ಲ, ಜಾಗ ಖಚಿತ ಇಲ್ಲದಿದ್ದಾಗ ಅದು ದೊಡ್ಡದಾಗುತ್ತದೆ. ಅದನ್ನು ನೋಡಿ ಯಾರೂ ಕಂಗಾಲಾಗಿಲ್ಲ, ರಿಕ್ಷಾದವರೂ ಅರ್ಥ ಮಾಡಿಕೊಂಡಿದ್ದಾರೆ. ಅಂಥದ್ದೇ ಒಂದು ಗುರುತು ವಾಚ್‌ನಲ್ಲೂ ಇರಲಿ. ಬಹುಪಾಲು ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲೇ ಆಗುವ ಕೆಲಸ ಇದು. ಗುರುತು ಬೇಡದವರು ಆಫ್ ಮಾಡಿಕೊಳ್ಳಲಿ.

ಜನವರಿಯ ಮ್ಯಾರಥಾನ್‌ಗೆ ತಯಾರಾಗುತ್ತಿರುವವರು ಈಗಲೇ ಸೆಟ್ಟಿಂಗ್ ಬದಲಿಸಿ. ರೆಕಾರ್ಡಿಂಗ್ ಪ್ರತಿ ಸೆಕೆಂಡಿಗೆ ಇಡಿ. ಹಿಂದಿನ ರಾತ್ರಿ ಫೋನಿನ ಜೊತೆ ಸಿಂಕ್ ಮಾಡಿ, ಆಗ ಉಪಗ್ರಹಗಳ ಮುಂಗಡ ಮಾಹಿತಿ ವಾಚ್‌ಗೆ ಇಳಿದಿರುತ್ತದೆ, ಸಿಗ್ನಲ್ ಬೇಗ ಸಿಗುತ್ತದೆ. ಸಿಕ್ಕ ಮೇಲೂ ಒಂದೆರಡು ನಿಮಿಷ ಬಯಲಲ್ಲಿ ನಿಲ್ಲಿ. ಬೆವರು, ನೀರು ಬಿದ್ದು ಪರದೆ ತನ್ನಷ್ಟಕ್ಕೆ ಬದಲಾಗದಂತೆ ಟಚ್ ಲಾಕ್ ಹಾಕಿ. ಎಲ್ಲಕ್ಕಿಂತ ಮುಖ್ಯ, ವಾಚ್ ತಾನೇ ಪ್ರತಿ ಕಿ.ಮೀ. ಗುರುತು ಹಾಕುವ ಆಟೋ ಲ್ಯಾಪ್ ಆಫ್ ಮಾಡಿ. 42.195 ಕಿ.ಮೀ. ಅಳೆಯುವುದು ರಸ್ತೆಯಲ್ಲಿ ಓಡಬಹುದಾದ ಅತಿ ಕಡಿಮೆ ದೂರದ ಗೆರೆಯಲ್ಲಿ, ಸೈಕಲ್ ಮೇಲೆ. ಜನರ ನಡುವೆ ತಿರುಗಿ, ನೀರಿನ ಮೇಜಿನ ಕಡೆ ಸರಿದು ಓಡುವ ನಿಮ್ಮ ವಾಚ್ 42.6 ತೋರಿಸುವುದು ಸಹಜ. 4 ಗಂಟೆಯ ಗುರಿಗೆ ಕಿ.ಮೀ.ಗೆ 5:41 ಬೇಕು. ವಾಚ್ ಹೇಳುವ 5:41 ನಂಬಿ ಓಡಿದರೆ ಎರಡು ನಿಮಿಷಕ್ಕೂ ಹೆಚ್ಚು ತಡವಾಗಿ ಮುಗಿಸುತ್ತೀರಿ. ರಸ್ತೆ ಬದಿಯ ಕಿ.ಮೀ. ಫಲಕ ಬಂದಾಗ ನೀವೇ ಲ್ಯಾಪ್ ಗುಂಡಿ ಒತ್ತಿ, ಆ ಲ್ಯಾಪ್‌ನ ಸಮಯ ನೋಡಿ, ವೇಗ ನೋಡಬೇಡಿ. ಸ್ಟಾಪ್‌ವಾಚ್‌ನ ಸಮಯ ಮಾತ್ರ ಊಹೆಯಲ್ಲ.