ಫಿಲ್ಮ್ ಓದುವುದನ್ನು ಎಲ್ಲ ವೈದ್ಯ ವಿದ್ಯಾರ್ಥಿಗಳಿಗೂ ಕಡ್ಡಾಯವಾಗಿ ಕಲಿಸಬೇಕೇ?

ರೇಡಿಯಾಲಜಿಗೆಂದೇ ಪ್ರತ್ಯೇಕ ಪೋಸ್ಟಿಂಗ್ (ಆ ವಿಭಾಗದಲ್ಲೇ ಕೆಲವು ವಾರ ಇದ್ದು ಕಲಿಯುವ ಪಾಳಿ) ಇಟ್ಟು, ಮುಂದೆ ಯಾವ ವಿಭಾಗಕ್ಕೆ ಹೋಗುವವರಾದರೂ ಸರಿ, ಪ್ರತಿ ವಿದ್ಯಾರ್ಥಿಯಿಂದಲೂ ಎಕ್ಸ್-ರೇ, ಸಿಟಿ ಸ್ಕ್ಯಾನ್ ಓದಿಸಬೇಕೇ? ಕಂಪ್ಯೂಟರೇ ಚಿತ್ರ ನೋಡಿ ಗುರುತು ಹಾಕಿಕೊಡುವ ಕಾಲದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿದೆ.

ಪರ

ರಾತ್ರಿ ಎರಡು ಗಂಟೆ. ರೋಗಿಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿಯಾಗಿದೆ, ಅದರಲ್ಲಿ ಫೀಡ್ (ದ್ರವಾಹಾರ) ಶುರು ಮಾಡಬೇಕು. ಎದೆಯ ಎಕ್ಸ್-ರೇ ಪರದೆಯ ಮೇಲಿದೆ, ರಿಪೋರ್ಟ್ ಬರುವುದು ಬೆಳಿಗ್ಗೆ. ಡ್ಯೂಟಿಯಲ್ಲಿರುವುದು ಈಗಷ್ಟೇ ಪಾಸಾದ ಡಾಕ್ಟರ್ ಒಬ್ಬರೇ. ಅವರು ನೋಡಬೇಕಾದದ್ದು ನಾಲ್ಕು. ಟ್ಯೂಬ್ ನಡುಗೆರೆ ಹಿಡಿದು ಇಳಿದಿದೆಯೇ? ಶ್ವಾಸನಾಳ ಕವಲೊಡೆಯುವ ಜಾಗವನ್ನು ನೇರವಾಗಿ ದಾಟಿದೆಯೇ, ಇಲ್ಲಾ ಒಂದು ಕವಲಿನ ಜಾಡು ಹಿಡಿದಿದೆಯೇ? ಎದೆ-ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ನಡುವಿನಲ್ಲೇ ದಾಟಿದೆಯೇ? ತುದಿ ಎಡ ವಪೆಯ ಕೆಳಗಿದೆಯೇ? ಕೊನೆಯದನ್ನೊಂದೇ ನೋಡಿ ಸುಮ್ಮನಾದರೆ ಮೋಸ ಹೋಗುತ್ತೇವೆ. ಶ್ವಾಸಕೋಶದ ಹಿಂಭಾಗ ವಪೆಯ ಗುಮ್ಮಟಕ್ಕಿಂತ ಕೆಳಗೂ ಇಳಿದಿರುತ್ತದೆ, ಹಾಗಾಗಿ ಶ್ವಾಸಕೋಶದೊಳಗೆ ಹೋದ ತುದಿಯೂ ಹೊಟ್ಟೆಯಲ್ಲಿದ್ದಂತೆ ಕಾಣಬಹುದು. ಆ ಟ್ಯೂಬಿನಲ್ಲಿ ಫೀಡ್ ಬಿಟ್ಟರೆ ಜೀವಕ್ಕೇ ಕುತ್ತು.

ಇದನ್ನು ಪುಸ್ತಕದಿಂದ ಕಲಿಯಲಾಗದು. ಸರಿಯಾಗಿ ಕೂತ ಟ್ಯೂಬ್ ಐವತ್ತು, ತಪ್ಪಿದ್ದು ಹತ್ತು ನೋಡಿದ ಕಣ್ಣಿಗೆ ಮಾತ್ರ ಅದು ತಟ್ಟನೆ ಹೊಳೆಯುತ್ತದೆ. ಉಸಿರಿನ ಟ್ಯೂಬಿನದೂ ಇದೇ ಕಥೆ. ತುದಿ ಕವಲಿಗಿಂತ 3ರಿಂದ 5 ಸೆಂ.ಮೀ. ಮೇಲಿರಬೇಕು. ಜಾಸ್ತಿ ತಳ್ಳಿದರೆ ಅದು ಹೊಕ್ಕುವುದು ಹೆಚ್ಚಾಗಿ ಬಲಗವಲಿಗೆ, ಏಕೆಂದರೆ ಬಲಗವಲು ಅಗಲ, ನೆಟ್ಟಗೆ ಬೇರೆ. ಆಗ ಎಡ ಶ್ವಾಸಕೋಶಕ್ಕೆ ಗಾಳಿಯಿಲ್ಲದೆ ಅದು ಕುಸಿಯುತ್ತದೆ.

ರೋಗ ಹುಡುಕುವ ಮೊದಲು ಫಿಲ್ಮನ್ನೇ ತೂಗಿ ನೋಡುವ ಅಭ್ಯಾಸ ಬರಬೇಕು. ಹೆಸರು, ತಾರೀಖು, ಎಡ-ಬಲದ ಗುರುತು. ಎರಡೂ ಕಾಲರ್ ಬೋನ್‌ಗಳ ಒಳತುದಿ ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿದ್ದರೆ ರೋಗಿ ತಿರುಗಿಕೊಂಡಿಲ್ಲ ಎಂದರ್ಥ. ಹಿಂಬದಿಯ ಒಂಬತ್ತು-ಹತ್ತು ಪಕ್ಕೆಲುಬು ವಪೆಯ ಮೇಲೆ ಎಣಿಸಲು ಸಿಕ್ಕರೆ ಉಸಿರು ಪೂರ್ತಿ ಎಳೆದುಕೊಂಡಿದ್ದಾರೆ. ಎಳೆದುಕೊಳ್ಳದಿದ್ದರೆ ಶ್ವಾಸಕೋಶದ ಬುಡ ಒತ್ತೊತ್ತಾಗಿ ಬೆಳ್ಳಗೆ ಕಾಣುತ್ತದೆ, ಇಲ್ಲದ ನ್ಯುಮೋನಿಯಾಕ್ಕೆ ಚಿಕಿತ್ಸೆ ಶುರುವಾಗುತ್ತದೆ. ಹೃದಯ ಎದೆಗೂಡಿನ ಅರ್ಧ ಅಗಲ ಮೀರಿದರೆ ದೊಡ್ಡದಾಗಿದೆ ಎನ್ನುವ ಲೆಕ್ಕವೂ ಬೆನ್ನ ಕಡೆಯಿಂದ ಕಿರಣ ಹಾಯಿಸಿದ ಫಿಲ್ಮಿಗೆ ಮಾತ್ರ. ಹಾಸಿಗೆಯಲ್ಲೇ ಮುಂದಿನಿಂದ ತೆಗೆದದ್ದರಲ್ಲಿ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಬೀಳುತ್ತದೆ.

ಕಂಪ್ಯೂಟರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಎದೆಗೂಡಿನೊಳಗೆ ಸೋರಿದ ಗಾಳಿಯನ್ನು ಗುರುತಿಸಲು ಕಲಿತ ಪ್ರೋಗ್ರಾಂ, ಗಾಳಿಯ ಬದಲು ಚಿಕಿತ್ಸೆಗೆಂದು ಹಾಕಿದ ಡ್ರೈನ್ ಟ್ಯೂಬನ್ನೇ ಗುರುತಾಗಿ ಹಿಡಿದದ್ದು ಕಂಡುಬಂದಿದೆ. ಅಂದರೆ ಟ್ಯೂಬ್ ಹಾಕಿಯಾದ ರೋಗಿಯನ್ನು ಅದು ಸರಿಯಾಗಿ ಹಿಡಿದುಕೊಡುತ್ತದೆ, ಇನ್ನೂ ಹಾಕದವರನ್ನು ಬಿಟ್ಟುಬಿಡಬಹುದು. ನಮಗೆ ಬೇಕಾದದ್ದು ಎರಡನೆಯವರು ತಾನೇ? ಯಂತ್ರದ ಮಾತಿಗೆ ‘ತಡಿ’ ಎನ್ನಲು ತಾನೇ ಓದಿ ಗೊತ್ತಿರಬೇಕು. ಆದ್ದರಿಂದ ವಿದ್ಯಾರ್ಥಿ ತನ್ನ ಅಭಿಪ್ರಾಯ ಬರೆದಿಟ್ಟ ಮೇಲೆಯೇ ಯಂತ್ರದ ಗುರುತು ತೆರೆಯಬೇಕು. ಮೊದಲೇ ತೆರೆದರೆ ಕಣ್ಣು ಅದು ತೋರಿಸಿದಲ್ಲಿಗೇ ಹೋಗುತ್ತದೆ.

ವಿರೋಧ

ಟ್ಯೂಬಿನ ವಿಚಾರ ಒಪ್ಪಿದೆ. ಅದನ್ನು ಪ್ರತಿಯೊಬ್ಬರೂ ಕಲಿಯಲೇಬೇಕು. ಆದರೆ ಅದಕ್ಕೆ ಒಂದು ಮಧ್ಯಾಹ್ನ ಸಾಕು, ಮಿಕ್ಕ ವಾರಗಳೆಲ್ಲ ಯಾಕೆ?

ಪೋಸ್ಟಿಂಗ್ ಎಂದರೆ ಬಹಳ ಕಡೆ ಕತ್ತಲೆ ಕೋಣೆಯಲ್ಲಿ ರಿಪೋರ್ಟ್ ಹೇಳುತ್ತಿರುವವರ ಬೆನ್ನ ಹಿಂದೆ ನಿಂತು ಆಕಳಿಸುವುದು. ಓದುವ ಕಣ್ಣು ಸಾವಿರಾರು ಫಿಲ್ಮುಗಳಿಂದ ಪಳಗುತ್ತದೆ, ಪಳಗಿದ ಮೇಲೂ ತಪ್ಪುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಸಿಟಿಯೊಳಗೆ ಗೊರಿಲ್ಲಾದ ಚಿತ್ರ ಸೇರಿಸಿ, ಗಂಟು ಹುಡುಕಿ ಎಂದು 24 ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟರು. 20 ಮಂದಿಗೆ ಗೊರಿಲ್ಲಾ ಕಾಣಲಿಲ್ಲ. ಎರಡು ವಾರ ಕೂತು ಹೋದ ವಿದ್ಯಾರ್ಥಿಗೆ ಕಲೆಗಿಂತ ಹೆಚ್ಚಾಗಿ ಬರುವುದು ಧೈರ್ಯ. ಪಾರ್ಶ್ವವಾಯು ಬಡಿದ ಮೊದಲ ಗಂಟೆಗಳಲ್ಲಿ ಮೆದುಳಿನ ಸಿಟಿ ಏನೂ ಆಗಿಲ್ಲವೆಂಬಂತೆ ಕಾಣಬಹುದು. ಆಗ ಅದರ ಮುಖ್ಯ ಕೆಲಸ ರಕ್ತಸ್ರಾವ ಇಲ್ಲವೆಂದು ತೋರಿಸುವುದು. ಇದು ಗೊತ್ತಿಲ್ಲದ ಅರೆಬರೆ ಓದುಗ ‘ನಾರ್ಮಲ್’ ಎಂದುಬಿಟ್ಟರೆ ರಕ್ತ ಹೆಪ್ಪು ಕರಗಿಸುವ ಔಷಧದ ಹೊತ್ತು ಮೀರಿಹೋಗುತ್ತದೆ.

ಸಾಮಾನ್ಯ ವೈದ್ಯರು ದಿನಾ ಮಾಡುವ ರೇಡಿಯಾಲಜಿ ಕೆಲಸ ಬೇರೆಯದೇ ಇದೆ: ಯಾವ ಸ್ಕ್ಯಾನ್ ಬೇಕು ಎಂದು ಚೀಟಿ ಬರೆಯುವುದು. ಅಲ್ಲಿ ‘ಹೊಟ್ಟೆನೋವು, ಸಿಟಿ’ ಎಂದಷ್ಟೇ ಇರುತ್ತದೆ. ನೋವು ಎಲ್ಲಿ, ಎಷ್ಟು ದಿನದಿಂದ, ಯಾವ ಆಪರೇಷನ್ ಆಗಿದೆ, ಗರ್ಭಿಣಿಯೇ, ಹಿಂದೆ ಕಾಂಟ್ರಾಸ್ಟ್‌ಗೆ (ಚಿತ್ರ ಎದ್ದು ಕಾಣಲು ಕೊಡುವ ಔಷಧ) ಅಲರ್ಜಿ ಆಗಿತ್ತೇ, ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಎಷ್ಟು, ಒಂದೂ ಇರುವುದಿಲ್ಲ. ಪಿತ್ತಕೋಶದ ಕಲ್ಲಿನ ಅನುಮಾನಕ್ಕೆ ಅಲ್ಟ್ರಾಸೌಂಡ್ ಮೊದಲು, ಏಕೆಂದರೆ ಬಹುಪಾಲು ಕಲ್ಲು ಎಕ್ಸ್-ರೇಯಲ್ಲಿ ಬೀಳುವುದೇ ಇಲ್ಲ, ಸಿಟಿಯಲ್ಲೂ ಕೆಲವು ತಪ್ಪಿಸಿಕೊಳ್ಳುತ್ತವೆ. ಎದೆಯ ಒಂದು ಎಕ್ಸ್-ರೇಗೆ ಸುಮಾರು 0.02 ಮಿಲಿಸೀವರ್ಟ್ ವಿಕಿರಣ, ಹೊಟ್ಟೆಯ ಸಿಟಿಗೆ ಸುಮಾರು 8. ನಾನೂರು ಪಟ್ಟು! ಈ ಅಂದಾಜು ಕೈಗೆ ಹತ್ತಿದವರು ಚೀಟಿ ಬರೆಯುವ ಮೊದಲು ಒಮ್ಮೆ ಯೋಚಿಸುತ್ತಾರೆ. ಎದೆಯಲ್ಲಿ ಗಾಳಿ ಒತ್ತಿ ರಕ್ತದೊತ್ತಡ ಬಿದ್ದುಹೋಗುತ್ತಿರುವ ರೋಗಿಯನ್ನು ಎಕ್ಸ್-ರೇಗೆ ಕಳಿಸದೆ ಅಲ್ಲೇ ಸೂಜಿ ಹಾಕಿ ಗಾಳಿ ಹೊರಬಿಡಬೇಕೆಂಬುದೂ ರೇಡಿಯಾಲಜಿಯ ಪಾಠವೇ.

ವಿಭಾಗವೂ ಮೊದಲಿನಂತಿಲ್ಲ. 2016ರಲ್ಲಿ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್ ಇನ್ನು ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದನ್ನು ನಿಲ್ಲಿಸಿ ಎಂದಿದ್ದರು. ಯಾರೂ ನಿಲ್ಲಿಸಲಿಲ್ಲ, ಕೆಲಸ ಮಾತ್ರ ಬದಲಾಯಿತು. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ಹಾಯಿಸಿ ಮೆದುಳಿನ ರಕ್ತನಾಳದ ಹೆಪ್ಪು ಎಳೆಯುವುದು, ಸಿಟಿ ನೋಡಿಕೊಂಡೇ ಕೀವಿಗೆ ಡ್ರೈನ್ ಹಾಕುವುದು, ಗಂಟಿನಿಂದ ಬಯಾಪ್ಸಿ ತೆಗೆಯುವುದು, ಕ್ಯಾನ್ಸರ್ ತಂಡದ ಸಭೆಯಲ್ಲಿ ಚಿತ್ರ ಬಿಡಿಸಿ ಹೇಳುವುದು, ಎಲ್ಲ ಅವರದೇ. ವಿದ್ಯಾರ್ಥಿಗೆ ಫಿಲ್ಮ್ ಓದುವ ಕೋಣೆಯನ್ನಷ್ಟೇ ತೋರಿಸಿ ಕಳಿಸುವುದು ಆ ವಿಭಾಗಕ್ಕೂ ನ್ಯಾಯವಲ್ಲ.

ಪ್ರತ್ಯೇಕ ವಾರಗಳ ಬದಲು ಒಬ್ಬ ರೋಗಿಯ ಚೀಟಿಯನ್ನು ವಿದ್ಯಾರ್ಥಿ ಕೊನೆಯವರೆಗೆ ಹಿಂಬಾಲಿಸಲಿ. ವಾರ್ಡಿನಲ್ಲಿ ಬರೆದದ್ದು, ಎಂಆರ್‌ಐ ಬಾಗಿಲಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳಿದ್ದು, ರಿಪೋರ್ಟ್ ಬಂದದ್ದು, ಅದರಿಂದ ಚಿಕಿತ್ಸೆ ಬದಲಾದದ್ದು ಅಥವಾ ಆಗದ್ದು. ಸ್ಕ್ಯಾನ್ ನಡೆಯದಿದ್ದಾಗಲೂ ಎಂಆರ್‌ಐ ಆಯಸ್ಕಾಂತ ಆರುವುದಿಲ್ಲ, ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ಒಯ್ದರೆ ಗುಂಡಿನಂತೆ ಹಾರುತ್ತದೆ ಎಂಬುದನ್ನು ಆ ಬಾಗಿಲಲ್ಲೇ ಕೇಳಿಸಿಕೊಂಡವರು ಮರೆಯುವುದಿಲ್ಲ. ಪರೀಕ್ಷೆಯಲ್ಲೂ ಫಿಲ್ಮ್ ತೂಗುಹಾಕಿ ‘ಏನು ಕಾಣುತ್ತೆ’ ಎನ್ನುವುದರ ಬದಲು ರೋಗಿಯ ವಿವರ ಕೊಟ್ಟು ‘ಯಾವ ಸ್ಕ್ಯಾನ್ ಮಾಡಿಸುತ್ತೀರಿ’ ಎಂದು ಕೇಳಲಿ. ‘ಯಾವುದೂ ಬೇಡ’ ಎಂಬ ಉತ್ತರಕ್ಕೂ ಪೂರ್ತಿ ಅಂಕವಿರಲಿ.