ಮೂಳೆಯ ಮದ್ದು, ಮುಂಜಾನೆಯ ಕಾಫಿ

ಸಕಲೇಶಪುರದಲ್ಲಿ ಔಷಧಿ ಅಂಗಡಿ ನಡೆಸುವವನಾಗಿ ನಾನು ಬಹಳ ದಿನಗಳಿಂದ ಗಮನಿಸುತ್ತ ಬಂದಿರುವ ಸಂಗತಿಯೊಂದಿದೆ. ಆಸ್ಟಿಯೋಪೊರೋಸಿಸ್‌ಗೆಂದು, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆಗೆಂದು, ವೈದ್ಯರು ಬರೆದ ಚೀಟಿಯಲ್ಲಿ ಮೂರು ಔಷಧಿಗಳಿದ್ದರೆ, ನಮ್ಮ ಜನ ಕ್ಯಾಲ್ಸಿಯಂ ಮಾತ್ರೆಯನ್ನು ತಪ್ಪದೆ ಕೊಳ್ಳುತ್ತಾರೆ. ಮೂಳೆ ಕರಗುವುದನ್ನು ತಡೆಯುವ ಮುಖ್ಯ ಔಷಧಿಯನ್ನು ಮಾತ್ರ "ಮುಂದಿನ ತಿಂಗಳು ನೋಡೋಣ, ಮನೆಯಲ್ಲಿ ರಾಗಿ ಇದೆಯಲ್ಲ" ಎಂದು ಬಿಟ್ಟುಹೋಗುತ್ತಾರೆ. ರಾಗಿಯ ಮೇಲೆ ನನಗೂ ಅಭಿಮಾನವಿದೆ. ಆದರೆ ಸುಮ್ಮನೆ ಜಾರಿಬಿದ್ದದ್ದಕ್ಕೇ ಸೊಂಟವೋ ಬೆನ್ನುಮೂಳೆಯೋ ಮುರಿದ ಮೇಲೆ ರಾಗಿ ಊಟವಾಗಬಲ್ಲದೇ ಹೊರತು ಚಿಕಿತ್ಸೆಯಾಗಲಾರದು.

ಮೂಳೆ ದಿನವೂ ಸ್ವಲ್ಪ ಕರಗುತ್ತದೆ, ದಿನವೂ ಸ್ವಲ್ಪ ಕಟ್ಟಿಕೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವುದರಿಂದ ಕರಗುವ ವೇಗವೇ ಹೆಚ್ಚಾಗುತ್ತದೆ. ಇಟ್ಟಿಗೆಯನ್ನು ಎಷ್ಟು ತಂದು ಸುರಿದರೂ, ಕೆಡವುವ ಆಳು ಕಟ್ಟುವ ಗಾರೆಯವನಿಗಿಂತ ಚುರುಕಾಗಿದ್ದರೆ ಗೋಡೆ ಏಳುವುದಿಲ್ಲ.

ಹಾಗೆಂದು ಇಟ್ಟಿಗೆಯೇ ಬೇಡವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಎರಡು ಹೊತ್ತು ಮುದ್ದೆ ಉಣ್ಣುವವರಿಗೂ, ಅಕ್ಕಿರೊಟ್ಟಿ ಕಡುಬುಗಳಲ್ಲೇ ದಿನ ಕಳೆಯುವ ನಮ್ಮ ಮಲೆನಾಡಿನವರಿಗೂ ಈ ಲೆಕ್ಕದಲ್ಲಿ ದೊಡ್ಡ ಅಂತರವಿದೆ. ಆದರೆ ತಟ್ಟೆಯಲ್ಲಿರುವುದೆಲ್ಲ ಮೈಗೆ ಸೇರುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 30ರಷ್ಟು ಹೀರಿಕೆಯಾದರೆ, ಪಾಲಕ್ ಸೊಪ್ಪಿನದು ಅದರಲ್ಲೇ ಇರುವ ಆಕ್ಸಲೇಟ್ ಎಂಬ ರಾಸಾಯನಿಕಕ್ಕೆ ಅಂಟಿಕೊಂಡಿರುವುದರಿಂದ ಶೇ. 5ರ ಆಸುಪಾಸಿನಲ್ಲೇ ನಿಲ್ಲುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕೂಡ ಹೀರಿಕೆಗೆ ಅಡ್ಡಿ; ಮೊಳಕೆ ಕಟ್ಟಿಸಿ ಒಣಗಿಸಿ ಬೀಸಿದರೆ, ಅಥವಾ ಹುಳಿ ಬರಿಸಿ ಅಂಬಲಿ ಮಾಡಿದರೆ ಅದು ಕಡಿಮೆಯಾಗುತ್ತದೆ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ ಎನ್ನುವುದನ್ನು ಮಿಡಿ ಉಪ್ಪಿನಕಾಯಿಯ ಊರಿನಲ್ಲಿ ಹೇಳಿ ನಾನು ಜನಪ್ರಿಯನಾಗುವ ಸಂಭವವಿಲ್ಲ.

ಮಾತ್ರೆಯ ವಿಷಯಕ್ಕೆ ಬಂದರೆ, ಪಟ್ಟಿಯ ಹಿಂಭಾಗವನ್ನು ಒಮ್ಮೆ ಬೆಳಕಿಗೆ ಹಿಡಿದು ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಎಂದು ಎದ್ದುಕಾಣುವಂತೆ ಇದ್ದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅದರಿಂದ ದೊರೆಯುವ ಶುದ್ಧ ಕ್ಯಾಲ್ಸಿಯಂ 500 ಮಿಲಿಗ್ರಾಂ ಎಂದಿರುತ್ತದೆ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಹೀರಿಕೆಯ ಪ್ರಮಾಣ ಇಳಿಯುತ್ತದೆ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕಾದ್ದರಿಂದ ಊಟದ ಜೊತೆಗೇ ನುಂಗಬೇಕು. ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅನ್ನು ವರ್ಷಗಟ್ಟಲೆ ತಿನ್ನುವವರು ಸಿಟ್ರೇಟ್ ರೂಪದ ಮಾತ್ರೆ ಒಳ್ಳೆಯದೇ ಎಂದು ವೈದ್ಯರನ್ನು ಕೇಳಬೇಕು. ಹಾನಬಾಳು ಕಡೆಯ ಅಜ್ಜಿಯೊಬ್ಬರು ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ ಮೂರನ್ನೂ ಅಂಗೈಯಲ್ಲಿಟ್ಟು ತೋರಿಸಿ, "ಒಟ್ಟಿಗೆ ನುಂಗಿಬಿಟ್ರೆ ಮರೆಯಲ್ಲ ಕಣಪ್ಪ" ಎಂದಿದ್ದರು. ಮರೆಯದಿರುವುದು ನಿಜ, ಆದರೆ ಒಂದು ಇನ್ನೊಂದನ್ನು ಒಳಗೆ ಹೋಗಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆಯ ಅಂತರವಿರಬೇಕು. ಕಬ್ಬಿಣದ ಮಾತ್ರೆಯ ಹೊತ್ತೂ ಬೇರೆಯಾಗಿರಬೇಕು.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಗೆ ಕಾಯುವುದು ವ್ಯರ್ಥ, ಆದ್ದರಿಂದ ವಿಟಮಿನ್ ಡಿ ಕೊರತೆ ಕಂಡರೆ ವೈದ್ಯರು 60,000 ಯೂನಿಟ್‌ನ ಪುಡಿಯನ್ನು ಕೆಲವು ವಾರಗಳ ಮಟ್ಟಿಗೆ ಬರೆಯುತ್ತಾರೆ. ಆ ವಾರಗಳು ಮುಗಿದ ಮೇಲೂ ತಾವಾಗಿಯೇ ಕೊಂಡು ಕುಡಿಯುವವರಿಗೆ ನಾನು ಕೊಡುವುದಿಲ್ಲ. ಅದು ಕೊಬ್ಬಿನಲ್ಲಿ ಶೇಖರವಾಗುವ ವಿಟಮಿನ್, ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಕಾಫಿ ಮೂಳೆಯ ಕ್ಯಾಲ್ಸಿಯಂ ಕಳೆಯುತ್ತದೆ ಎಂಬ ಆರೋಪ ಬಹುಪಾಲು ಸುಳ್ಳು. ಒಂದು ಲೋಟ ಕಾಫಿಯಿಂದ ಕಳೆದುಹೋಗುವ ಕ್ಯಾಲ್ಸಿಯಂ ಕೆಲವೇ ಮಿಲಿಗ್ರಾಂ, ಅದಕ್ಕೆ ಬೆರೆಸುವ ಒಂದೆರಡು ಚಮಚ ಹಾಲೇ ಅದನ್ನು ತುಂಬಿಕೊಡುತ್ತದೆ. ಕಾಫಿ ನಿಜವಾಗಿ ಕೆಡಿಸುವುದು ಮೂಳೆ ಕರಗುವುದನ್ನು ತಡೆಯಲು ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂನ ಅಲೆಂಡ್ರೊನೇಟ್ ಮಾತ್ರೆಯನ್ನು. ಆ ಮಾತ್ರೆ ಬರಿಹೊಟ್ಟೆಯಲ್ಲಿ ನುಂಗಿದರೂ ಶೇ. 1ಕ್ಕಿಂತ ಕಡಿಮೆ ಹೀರಿಕೆಯಾಗುವಂಥದ್ದು. ಕಾಫಿಯೊಂದಿಗೆ ನುಂಗಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಷ್ಟ. ಎದ್ದ ಕೂಡಲೇ ಒಂದು ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಮಲಗಿದರೆ ಅನ್ನನಾಳ ಸುಟ್ಟಂತಾಗಿ ಹುಣ್ಣಾಗಬಹುದು. ಬೆಳಗಿನ ಕಾಫಿಗಾಗಿ ಅರ್ಧ ಗಂಟೆ ಕಾಯುವುದು ತೋಟದ ಮನೆಗಳಲ್ಲಿ ಎಷ್ಟು ಕಷ್ಟವೆಂದು ನಾನು ಬಲ್ಲೆ, ಆದರೂ ವಾರಕ್ಕೆ ಒಂದೇ ದಿನವಲ್ಲವೇ!

ದವಡೆ ಕೊಳೆಯುತ್ತದೆ ಎಂಬ ಭಯದಿಂದ ಈ ಔಷಧಿಯನ್ನು ಬಿಟ್ಟವರಿದ್ದಾರೆ. ಅಂಥ ತೊಂದರೆ ಇದೆ, ಆದರೆ ಈ ಕಾಯಿಲೆಗೆ ಕೊಡುವ ಪ್ರಮಾಣದಲ್ಲಿ ತೀರ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲವಿದೆ, ಅದಕ್ಕೆ ಮೂತ್ರಪಿಂಡದ ಪರೀಕ್ಷೆ ಮೊದಲು ಆಗಬೇಕು. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಕೊಡುವ ಚೀಟಿಯನ್ನೇ ನಂಬಿ ಔಷಧಿ ಶುರುಮಾಡುವುದನ್ನು ನಾನು ಒಪ್ಪುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಪರೀಕ್ಷೆಯಾದ ಡೆಕ್ಸಾ ಸ್ಕ್ಯಾನ್‌ನಲ್ಲಿ, ಸೊಂಟ ಅಥವಾ ಬೆನ್ನಿನ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಕಾಯಿಲೆ ಖಚಿತ.

ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಮಳೆಗಾಲದಲ್ಲಿ ಅಂಗಳದ ಹಾಸುಗಲ್ಲಿನ ಪಾಚಿಯನ್ನು ಕೆರೆಸುವುದು, ಬಚ್ಚಲಲ್ಲಿ ಹಿಡಿ ಹಾಕಿಸುವುದು ಯಾವ ಮಾತ್ರೆಗೂ ಕಡಿಮೆಯಲ್ಲ.

ಇತ್ತೀಚೆಗೆ ಹೆಚ್ಚು ಕಾಣುತ್ತಿರುವುದು ಬೆಂಗಳೂರಿನ ಮಕ್ಕಳ ಮನೆಯಲ್ಲಿದ್ದಾಗ, ಮೂಳೆ ಕರಗುವುದನ್ನು ತಡೆಯುವ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ಹಾಕಿಸಿಕೊಂಡು ಊರಿಗೆ ಮರಳಿದ ತಾಯಂದಿರು. ಅದನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು. ಸುಮ್ಮನೆ ನಿಲ್ಲಿಸಿದರೆ ಗಳಿಸಿದ ಗಟ್ಟಿತನ ಬೇಗ ಕರಗಿ, ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ. ನಿಲ್ಲಿಸಲೇಬೇಕಾದರೆ ಬದಲಿಗೆ ಯಾವ ಔಷಧಿ ಎಂಬುದನ್ನು ವೈದ್ಯರು ಮೊದಲೇ ತೀರ್ಮಾನಿಸಬೇಕು. ಮಕ್ಕಳಾದವರು ಅಮ್ಮನನ್ನು ಬಸ್ಸು ಹತ್ತಿಸುವಾಗ ಚುಚ್ಚುಮದ್ದಿನ ಹೆಸರು, ಮುಂದಿನ ತಾರೀಖು ಎರಡನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಟ್ಟು ಕಳಿಸಿ. ಮದ್ದನ್ನು ತರಿಸಿಕೊಡುವ ಕೆಲಸ ಇಲ್ಲಿಯ ಯಾವ ಅಂಗಡಿಯವರಾದರೂ ಮಾಡುತ್ತಾರೆ.