ಗಡುವಿನ ಋಣ

ಸೃಜನಶೀಲ ಕೆಲಸಕ್ಕೂ ಗಡುವಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಕಳಚಿದ್ದು ಒಂದು ಕಥೆಯಿಂದ. ಏಳು ತಿಂಗಳಿಂದ ಅದರ ಮೊದಲ ಪುಟವನ್ನೇ ತಿದ್ದುತ್ತ ಕುಳಿತಿದ್ದ ನನಗೆ ಸಂಪಾದಕರೊಬ್ಬರು, "ಹದಿನೆಂಟನೇ ತಾರೀಖಿನೊಳಗೆ ಕಳಿಸಿ, ಇಲ್ಲವಾದರೆ ಆ ಪುಟಗಳಿಗೆ ಬೇರೆಯವರ ಬರಹ ಹಾಕಬೇಕಾಗುತ್ತದೆ" ಎಂದು ತಿಳಿಸಿದರು. ಉಳಿದಿದ್ದು ಹನ್ನೊಂದು ದಿನ. ಹದಿನೇಳರ ರಾತ್ರಿ, ನಾನು ಮುದ್ದಿನಿಂದ ಕಾಪಾಡಿಕೊಂಡು ಬಂದಿದ್ದ ಎರಡು ಪುಟಗಳ ಕನಸಿನ ದೃಶ್ಯವನ್ನು, ಅದನ್ನು ಮುಂದಿನ ಸನ್ನಿವೇಶಕ್ಕೆ ಹೆಣೆಯಲು ಹೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ತೆಗೆದುಹಾಕಿದೆ. ಈಗ ತಾಯಿ ಬಾಗಿಲು ತೆರೆಯುವ ವಾಕ್ಯದ ಬೆನ್ನಿಗೇ ಮಗ ಚಪ್ಪಲಿ ಬಿಡುವ ವಾಕ್ಯ ಬಂದು ನಿಂತಿತು. ಕಥೆ ಅಷ್ಟು ದಿನ ಕೇಳುತ್ತಿದ್ದುದು ಅದನ್ನೇ.

ಗಡುವಿನಿಂದ ಕೆಲಸ ಬೇಗ ಮುಗಿಯುತ್ತದೆ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಗಡುವಿನ ಸಣ್ಣ ಗುಣ. ಎಲ್ಲ ಸಾಧ್ಯತೆಗಳನ್ನೂ ತೆರೆದಿಟ್ಟುಕೊಂಡು ಕೂರುವ ಸುಖವನ್ನು ಕಸಿದುಕೊಂಡು, ಇದು ಇರಲಿ, ಅದು ಹೋಗಲಿ ಎಂದು ತೀರ್ಮಾನಿಸುವ ಧೈರ್ಯವನ್ನು ಅದು ಕೊಡುತ್ತದೆ.

ಹಾಗೆಂದು ಎಲ್ಲ ಗಡುವುಗಳನ್ನೂ ನಾನು ಹೊಗಳಲಾರೆ. ಸಾಲದಲ್ಲಿ ಮುಳುಗಿದ್ದ ರಷ್ಯಾದ ಕಾದಂಬರಿಕಾರ ದಾಸ್ತೋವ್‌ಸ್ಕಿಯಿಂದ ಪ್ರಕಾಶಕ ಸ್ಟೆಲ್ಲೊವ್‌ಸ್ಕಿ ಬರೆಸಿಕೊಂಡ ಕರಾರಿನ ಪ್ರಕಾರ, 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೈಸೇರದಿದ್ದರೆ ಮುಂದಿನ ಒಂಬತ್ತು ವರ್ಷ ಅವರ ಕೃತಿಗಳನ್ನು ಬಿಡಿಗಾಸೂ ಕೊಡದೆ ಪ್ರಕಟಿಸುವ ಹಕ್ಕು ಪ್ರಕಾಶಕನದಾಗುತ್ತಿತ್ತು. ಅದು ಶೋಷಣೆ, ಅದಕ್ಕೆ ಬೇರೆ ಹೆಸರಿಲ್ಲ. ಆದರೂ 26 ದಿನಗಳಲ್ಲಿ 'ಜೂಜುಕೋರ' ಮುಗಿಯಿತು. ಅದನ್ನು ಮುಗಿಸಿದ್ದು ಆ ಕರಾರಿನ ಭಯವೊಂದೇ ಎಂದು ನನಗನ್ನಿಸುವುದಿಲ್ಲ. ಇಪ್ಪತ್ತರ ಹರೆಯದ ಶೀಘ್ರಲಿಪಿಗಾರ್ತಿ ಅನ್ನಾ ಸ್ನಿಟ್ಕಿನಾ ಹಗಲಿನಲ್ಲಿ ಅವರು ಹೇಳಿದ್ದನ್ನು ಬರೆದುಕೊಂಡು, ಮನೆಗೆ ಹೋಗಿ ಶುದ್ಧ ಪ್ರತಿ ತಯಾರಿಸಿ, ಮರುದಿನ ತಂದುಕೊಡುತ್ತಿದ್ದರು. ಮುಂದಿನ ಮಾತಿಗಾಗಿ ಕಾಗದ ಹಿಡಿದು ಎದುರಿಗೆ ಒಬ್ಬರು ಕುಳಿತಿದ್ದರೆ ಹೇಳದೆ ಇರುವುದು ಹೇಗೆ? ಕ್ಯಾಲೆಂಡರಿನಲ್ಲಿ ನಮಗೆ ನಾವೇ ಗುರುತು ಹಾಕಿಕೊಂಡ ತಾರೀಖನ್ನು ನಾವೇ ಮುಂದೂಡಬಹುದು, ಕಾಯುತ್ತಿರುವ ಮನುಷ್ಯರನ್ನು ಹಾಗೆ ಸುಲಭವಾಗಿ ಮುಂದೂಡಲಾಗದು.

ಈಗ ಬರೆಯುತ್ತಿರುವ ನೀಳ್ಗತೆಯನ್ನು ಯಾರೂ ಕೇಳಿಲ್ಲ. ಆದ್ದರಿಂದ ಪ್ರತಿ ಶನಿವಾರ ಸಂಜೆ ಐದು ಪುಟ ಓದಿ ಹೇಳುವುದಾಗಿ ಗೆಳತಿಯೊಬ್ಬಳಿಗೆ ಮಾತು ಕೊಟ್ಟಿದ್ದೇನೆ. ಕಳೆದ ವಾರ ನಾಲ್ಕೇ ಪುಟಗಳಾಗಿದ್ದವು, ಅಷ್ಟನ್ನೇ ಓದಿದೆ. ಆಮೇಲೇನಾಯಿತು ಎಂದು ಕೇಳಿದಳು.